ಫೋಟೊ ನೀವು ತೆಗೀರಿ, ಪ್ಲಾನ್ ನಾವು ಹಾಕ್ತೀವಿ

ಹಿಂದೆ ಸಂಶೋಧಕರು ಬಂದರೆ ಪ್ರಶ್ನೆ ಕೇಳುತ್ತಿದ್ದರು. ಮನೆಯಲ್ಲಿ ಎಷ್ಟು ಜನ, ತಿಂಗಳಿಗೆ ಎಷ್ಟು ಆದಾಯ, ಗಂಡ ಕುಡಿಯುತ್ತಾನೋ, ಕುಡಿದರೆ ಹೊಡೆಯುತ್ತಾನೋ ಇತ್ಯಾದಿ. ಬಡವರು ಒಂದಕ್ಕೊಂದು ತಾಳೆಯಾಗದ ಉತ್ತರ ಕೊಟ್ಟು ಸಾಗಹಾಕುತ್ತಿದ್ದರು. ಇಬ್ಬರಿಗೂ ನೆಮ್ಮದಿಯಿತ್ತು. ಈಗ ಬರುವವರು ಪ್ರಶ್ನೆಯನ್ನೇ ಕೇಳುವುದಿಲ್ಲ. ಫುಟ್‌ಪಾತಿನ ಮೇಲೆ ಚಾರ್ಟ್ ಪೇಪರ್ ಹಾಸಿ, ಸ್ಕೆಚ್ ಪೆನ್ನಿನ ಡಬ್ಬಿ ಬಿಚ್ಚಿ, ‘ನಿಮ್ಮ ಬದುಕಿನ ಚಿತ್ರ ಬರೀರಿ’ ಎನ್ನುತ್ತಾರೆ. ಬರೆಯಲು ಬರುವುದಿಲ್ಲ ಎಂದರೆ ಕೈಗೆ ಕ್ಯಾಮೆರಾ ಕೊಡುತ್ತಾರೆ. ಅದೂ ಬೇಡವೆಂದರೆ ಮುಷ್ಟಿ ತುಂಬ ಹುಣಸೆ ಬೀಜ ಕೊಟ್ಟು, ನಿಮ್ಮ ಕಷ್ಟಗಳಲ್ಲಿ ಯಾವುದು ದೊಡ್ಡದೋ ಅದರ ಮುಂದೆ ಜಾಸ್ತಿ ಬೀಜ ಇಡಿ ಎನ್ನುತ್ತಾರೆ. ಅಂತೂ ಬರಿಗೈಯಲ್ಲಿ ಬಿಡುವುದಿಲ್ಲ.

ಸಮಾಜಕಾರ್ಯದ ಶಾಸ್ತ್ರದಲ್ಲಿ ಇದಕ್ಕೆ ಸಹಭಾಗಿತ್ವ ವಿಧಾನ ಮತ್ತು ದೃಶ್ಯ ವಿಧಾನಗಳ ಸಂಯೋಜನೆ ಎಂದು ಹೆಸರು. ಜನ ತಮ್ಮ ಕಷ್ಟಸುಖವನ್ನು ತಾವೇ ನಕ್ಷೆಯಾಗಿ, ಚಿತ್ರವಾಗಿ, ಫೋಟೊ ಆಗಿ ಮುಂದಿಡಬೇಕು. ಓದಿದವರು ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ಕೂತು ಕಲಿಯಬೇಕು. ಓದಿದವರಿಗೆ ಬಾಯಿ ಮುಚ್ಚಿಕೊಂಡಿರಿ ಎಂದು ಹೇಳುವ ವಿದ್ಯೆಗೆ ನನ್ನ ತಕರಾರು ಹೇಗಿದ್ದೀತು? ಅಪ್ಪಟ ಪ್ರಜಾಪ್ರಭುತ್ವ. ನನ್ನ ಕುತೂಹಲವೇನಿದ್ದರೂ, ಚಿತ್ರ ಬರೆದಾದ ಮೇಲೆ ಆ ಚಾರ್ಟು ಎಲ್ಲಿಗೆ ಹೋಗುತ್ತದೆ ಎಂಬುದರ ಬಗ್ಗೆ ಮಾತ್ರ.

ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳಿಗೆ ಈ ವಿಧಾನ ಒಗ್ಗಿದಷ್ಟು ಬೇರೆ ಕಡೆ ಒಗ್ಗಿಲ್ಲ. ಇಲ್ಲಿನ ಬಡತನಕ್ಕೆ ಒಳ್ಳೆಯ ಹಿನ್ನೆಲೆಯಿದೆ. ಹಿಂದೆ ಹಳೆಯ ಹೆಂಚಿನ ಮನೆ, ಮೇಲೆ ಮರದ ನೆರಳು, ಮುಂದೆ ಮಲ್ಲಿಗೆ ಪುಟ್ಟಿ. ಇದೇ ಬಡತನ ಊರಾಚೆಯ ಕಲ್ಲು ಕ್ವಾರಿಯ ಪಕ್ಕದ ಶೀಟಿನ ಮನೆಯಲ್ಲಿ ಇನ್ನೂ ಜೋರಾಗಿದ್ದೀತು, ಆದರೆ ಫೋಟೊ ಚೆನ್ನಾಗಿ ಬರುವುದಿಲ್ಲ.

ಈ ವಿಧಾನದ ಹಿರಿಯರಾದ ಇಂಗ್ಲೆಂಡಿನ ರಾಬರ್ಟ್ ಚೇಂಬರ್ಸ್ 1983ರಲ್ಲೇ ಇಂಥವರ ಜಾತಕ ಬರೆದಿಟ್ಟಿದ್ದರು. ಬಡತನ ನೋಡಲು ಹೊರಡುವ ಹೊರಗಿನವರನ್ನು ಅಭಿವೃದ್ಧಿಯ ಪ್ರವಾಸಿಗಳೆಂದು ಕರೆದು, ಅವರ ಪಕ್ಷಪಾತಗಳನ್ನು ಪಟ್ಟಿ ಮಾಡಿದ್ದರು. ಟಾರು ರಸ್ತೆ ಇರುವ ಕಡೆಗೇ ಹೋಗುವುದು, ಆಗಲೇ ಯಾವುದೋ ಯೋಜನೆ ನಡೆಯುತ್ತಿರುವ ಜಾಗವನ್ನೇ ನೋಡುವುದು, ಮಾತು ಬಲ್ಲವರನ್ನೇ ಮಾತಾಡಿಸುವುದು, ಮಳೆಗಾಲ ಬಿಟ್ಟು ಒಣಗಾಲದಲ್ಲಿ ಬರುವುದು, ದಾಕ್ಷಿಣ್ಯಕ್ಕೆ ಬಿದ್ದು ಕಹಿ ಪ್ರಶ್ನೆ ನುಂಗುವುದು, ತಾನು ಓದಿದ್ದನ್ನಷ್ಟೇ ಕಾಣುವುದು. ಚೇಂಬರ್ಸ್ ಬರೆದದ್ದು ಹಳ್ಳಿಗಳ ಬಗ್ಗೆ. ನಾವು ಅದನ್ನು ನಗರಕ್ಕೆ ತಂದು ಸುಧಾರಿಸಿದ್ದೇವೆ. ಟಾರು ರಸ್ತೆಯ ಜಾಗದಲ್ಲಿ ಹಸಿರು ಮೆಟ್ರೊ ಬಂದಿದೆ. ನ್ಯಾಷನಲ್ ಕಾಲೇಜು, ಕೃಷ್ಣರಾಜೇಂದ್ರ ಮಾರುಕಟ್ಟೆ, ಸಂಪಿಗೆ ರಸ್ತೆ ನಿಲ್ದಾಣಗಳಿಂದ ನಡೆದು ಹೋಗುವಷ್ಟು ದೂರದಲ್ಲಿ ನಗರದ ಬಡತನವೆಲ್ಲ ಒಟ್ಟುಗೂಡಿದೆ ಎಂದು ಪ್ರಬಂಧಗಳನ್ನು ಓದಿದವರಿಗೆ ಅನ್ನಿಸಿದರೆ ಅದು ಅವರ ತಪ್ಪಲ್ಲ. ಬಸವನಗುಡಿಯ ಗಾಂಧಿ ಬಜಾರಿನಲ್ಲಿ 1943ರಿಂದ ದೋಸೆ ಹುಯ್ಯುತ್ತಿರುವ ವಿದ್ಯಾರ್ಥಿ ಭವನಕ್ಕೆ ಶುಕ್ರವಾರ ರಜೆ. ಕ್ಷೇತ್ರಕಾರ್ಯಕ್ಕೂ ಸಾಮಾನ್ಯವಾಗಿ ಅವತ್ತೇ ರಜೆ. ಗಾಂಧಿ ಬಜಾರಿನಲ್ಲಿ ಹೂವಿನ ವ್ಯಾಪಾರ ಜೋರಾಗಿರುವುದು ಶುಕ್ರವಾರವೇ ಎಂಬುದು ಯಾವ ಪ್ರಬಂಧದಲ್ಲೂ ಬಾರದೆ ಹೋಗಿರುವುದಕ್ಕೆ ಇದಕ್ಕಿಂತ ಆಳವಾದ ಸೈದ್ಧಾಂತಿಕ ಕಾರಣ ನನಗೆ ತೋಚುತ್ತಿಲ್ಲ.

ನಗುವುದಕ್ಕೆ ಮೊದಲು ಒಂದು ವಿಷಯ ಹೇಳಿಬಿಡಬೇಕು. ಈ ವಿದ್ಯೆಯನ್ನು ಯಾರೋ ವಿದೇಶದಿಂದ ತಂದು ನಮ್ಮ ತಲೆಗೆ ಕಟ್ಟಿದ್ದಲ್ಲ. ಅದರ ಒಂದು ತವರು ಇದೇ ಕರ್ನಾಟಕ. ಟಿಬೆಟ್ ನಿರಾಶ್ರಿತರಿಗೆ ನೆಲೆ ಕಲ್ಪಿಸಲೆಂದು 1968ರಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಕಚೇರಿ ಇಟ್ಟುಕೊಂಡ ಮೈರಾಡ ಸಂಸ್ಥೆಯವರು 1989ರ ಹೊತ್ತಿಗೆ ಹಳ್ಳಿಗಳಲ್ಲಿ ಇದನ್ನು ಪ್ರಯೋಗ ಮಾಡುತ್ತಿದ್ದರು. ಆಗ ಭಾರತದಲ್ಲೇ ಇದ್ದ ಚೇಂಬರ್ಸ್ ಅದನ್ನು ನೋಡಿ, ಕಲಿತು, ಜಗತ್ತಿಗೆಲ್ಲ ಸಾರಿದರು. ಹಳ್ಳಿಯವರು ನೆಲದ ಮೇಲೆ ಕೂತು ರಂಗೋಲಿ ಪುಡಿ, ಕಲ್ಲು, ಕಡ್ಡಿ, ಎಲೆ ಹರಡಿಕೊಂಡು ತಮ್ಮೂರಿನ ನಕ್ಷೆ ಹಾಕುತ್ತಿದ್ದರು. ಕೆರೆ ಎಲ್ಲಿ, ಬೋರು ಎಲ್ಲಿ, ಯಾರ ಮನೆಗೆ ಎಷ್ಟು ದನ, ಯಾವ ಕೇರಿಗೆ ನೀರು ಬರುವುದಿಲ್ಲ ಎಲ್ಲ ಆ ನಕ್ಷೆಯಲ್ಲಿ ಬರುತ್ತಿತ್ತು. ಅಧಿಕಾರಿಯೂ ನೆಲಕ್ಕೆ ಕೂರಬೇಕಾಗಿತ್ತು. ಕುರ್ಚಿ ಬಿಟ್ಟು ಇಳಿಯುವುದೇ ಅರ್ಧ ಸಂಶೋಧನೆ. ತನ್ನ ಕೈಲಿದ್ದ ಕೋಲನ್ನು ಹಳ್ಳಿಯವನ ಕೈಗೆ ಕೊಡಬೇಕು, ತೋರಿಸುವವನು ಅವನೇ ಆಗಬೇಕು ಎಂಬುದು ಚೇಂಬರ್ಸ್ ಹೇಳುತ್ತಿದ್ದ ಮಾತು.

ಆಮೇಲೆ ದುಡ್ಡು ಕೊಡುವವರಿಗೆ ಇದು ಇಷ್ಟವಾಯಿತು. ಅಲ್ಲಿಗೆ ಕಥೆ ಕೆಟ್ಟಿತು. ಪ್ರತಿ ಯೋಜನೆಯ ಅರ್ಜಿಯಲ್ಲೂ ಸಹಭಾಗಿತ್ವದ ಒಂದು ಅಧ್ಯಾಯ ಬೇಕೇಬೇಕು ಎಂದಾಯಿತು. ಬೆಳಿಗ್ಗೆ ಹತ್ತಕ್ಕೆ ಜೀಪು, ಹನ್ನೊಂದಕ್ಕೆ ರಂಗೋಲಿ, ಒಂದಕ್ಕೆ ಚಿತ್ರಾನ್ನ, ಎರಡಕ್ಕೆ ಜನರ ಅಭಿಪ್ರಾಯ ಸಿದ್ಧ. 2001ರಲ್ಲಿ ಇಬ್ಬರು ವಿದ್ವಾಂಸರು, ಈ ಸಹಭಾಗಿತ್ವವೇ ಹೊಸ ದಬ್ಬಾಳಿಕೆಯಾಯಿತೇ ಎಂದು ಕೇಳುವ ಪುಸ್ತಕವನ್ನೇ ತಂದರು. ಅದನ್ನು ಈಗ ಕಾಲೇಜುಗಳಲ್ಲಿ ಪಠ್ಯವಾಗಿ ಓದಿಸುತ್ತಾರೆ. ಓದಿ ಪಾಸಾದವರು ರಂಗೋಲಿ ಪುಡಿ ಹಿಡಿದು ಗಾಂಧಿ ಬಜಾರಿಗೆ ಬರುತ್ತಾರೆ.

ಗಾಂಧಿ ಬಜಾರಿನಲ್ಲಿ ಒಬ್ಬ ಹೂವಿನಜ್ಜಿ ಇದ್ದಾಳೆ ಎಂದಿಟ್ಟುಕೊಳ್ಳಿ. ಹೆಸರು ಬೇಡ. ಸಂಶೋಧನೆಯಲ್ಲಿ ಅವಳ ಹೆಸರು ‘ಭಾಗಿ ಸಂಖ್ಯೆ ಏಳು’. ಗೌಪ್ಯತೆ ಕಾಪಾಡಬೇಕಲ್ಲ. ಆದ್ದರಿಂದ ಹೆಸರು ಗುಟ್ಟು, ಮುಖ ಮಾತ್ರ ಪ್ರದರ್ಶನದ ಪೋಸ್ಟರಿನ ತುಂಬ. ಅಜ್ಜಿ ಬೆಳಗಿನ ಜಾವ ಮಾರ್ಕೆಟ್ಟಿಗೆ ಹೋಗಿ ಮಲ್ಲಿಗೆ, ಕನಕಾಂಬರ, ಸೇವಂತಿಗೆ ತಂದು, ಬಾಳೆನಾರಿನಲ್ಲಿ ಕಟ್ಟಿ, ಮೊಳ ಹಾಕಿ ಮಾರುವವಳು. ಅವಳ ಪುಟ್ಟಿಯ ಮುಂದೆ ಒಂದು ದಿನ ಸಮಾಜಕಾರ್ಯ ಓದುವ ಹುಡುಗಿಯೊಬ್ಬಳು ಬಂದು ಕುಕ್ಕರಗಾಲಲ್ಲಿ ಕೂತಳು.

‘ಅಜ್ಜಿ, ಈ ಕ್ಯಾಮೆರಾ ಒಂದು ವಾರ ನಿಮ್ಮ ಹತ್ರ ಇರ್ಲಿ. ನಿಮಗೆ ಮುಖ್ಯ ಅನ್ಸಿದ್ದನ್ನ ಫೋಟೊ ತೆಗೀರಿ.’

‘ಮುಖ್ಯ ಅಂದ್ರೆ ಏನವ್ವಾ?’

‘ನಿಮ್ಮ ದಿನನಿತ್ಯದ ಸವಾಲು, ನಿಮ್ಮ ಸಾಮರ್ಥ್ಯ, ನಿಮ್ಮ ಆಶಯ.’

‘ಮೊಳಕ್ಕೆ ಮೂವತ್ತು ಅಂದ್ರೆ ಹತ್ತಕ್ಕೆ ಕೊಡು ಅಂತ ನಿಂತ್ಕೋತಾರಲ್ಲ, ಅವ್ರನ್ನ ತೆಗೀಲಾ?’

‘ತೆಗೀಬಹುದು ಅಜ್ಜಿ. ಆದ್ರೆ ಅವ್ರ ಹತ್ರ ಒಪ್ಪಿಗೆ ಪತ್ರಕ್ಕೆ ಸೈನ್ ಹಾಕಿಸ್ಕೋಬೇಕು.’

ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿತ್ತು. ಅಜ್ಜಿ ಹೆಬ್ಬೆಟ್ಟು ಒತ್ತಿದಳು. ನಿಮಗೆ ಇಷ್ಟವಿಲ್ಲದಿದ್ದರೆ ಯಾವ ಹಂತದಲ್ಲಾದರೂ ಹೊರನಡೆಯಬಹುದು ಎಂದು ಅದರಲ್ಲಿ ಬರೆದಿತ್ತಂತೆ. ಫುಟ್‌ಪಾತಿನಿಂದ ಅವಳನ್ನು ಹೊರನಡೆಸುವವರು ಬೇರೆಯೇ ಇದ್ದಾರೆ, ಅವರು ಯಾವ ಪತ್ರಕ್ಕೂ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದಿಲ್ಲ.

ಕ್ಯಾಮೆರಾಕ್ಕೆ ಮೊದಲು ಚಪಾತಿ. ಹಾಸ್ಯವಲ್ಲ, ಈ ಶಾಸ್ತ್ರದಲ್ಲಿ ನಿಜವಾಗಿಯೂ ಚಪಾತಿ ನಕ್ಷೆ ಎಂಬುದೊಂದಿದೆ. ಕಾಗದವನ್ನು ದುಂಡಗೆ ಕತ್ತರಿಸಬೇಕು. ನಿಮ್ಮ ಬದುಕಿನಲ್ಲಿ ಯಾವ ಸಂಸ್ಥೆಗೆ ಎಷ್ಟು ಪ್ರಭಾವವೋ ಅಷ್ಟು ದೊಡ್ಡ ಚಪಾತಿ. ಅದು ನಿಮಗೆ ಎಷ್ಟು ಹತ್ತಿರವೋ ಅಷ್ಟು ಹತ್ತಿರ ಇಡಬೇಕು. ಅಜ್ಜಿ ಕಾರ್ಪೊರೇಷನ್ನಿಗೆ ಭಾರಿ ಚಪಾತಿ ಕತ್ತರಿಸಿ ಹಾಳೆಯ ಆಚೆ ಅಂಚಿನಲ್ಲಿ, ಹೆಚ್ಚುಕಡಿಮೆ ರಸ್ತೆಯ ಮೇಲೆ ಇಟ್ಟಳು. ಬೀಟಿಗೆ ಬರುವ ಪೊಲೀಸಿನವನದು ಸಣ್ಣದು, ಆದರೆ ಪುಟ್ಟಿಗೆ ಅಂಟಿಕೊಂಡಂತೆ. ಮೀಟರ್ ಬಡ್ಡಿಯವನದನ್ನು ತನ್ನ ಚಪಾತಿಯ ಮೇಲೆಯೇ ಹೇರಿದಳು. ತನ್ನದು ಅಡಿಯಲ್ಲಿ ಕಾಣದಾಯಿತು. ದೇವಸ್ಥಾನಕ್ಕೆ ಒಂದು, ಮಗಳಿಗೆ ಒಂದು. ಉಳಿದ ಕಾಗದದಲ್ಲಿ ಎಲೆಯಡಿಕೆ ಸುತ್ತಿಟ್ಟಳು. ಸಂಜೆ ಬಂದ ಮಾರ್ಗದರ್ಶಕರು ಹಾಳೆ ನೋಡಿ ‘ಬಹಳ ರಿಚ್ ಡೇಟಾ’ ಎಂದು ಹುಡುಗಿಯ ಬೆನ್ನು ತಟ್ಟಿದರು. ಅವತ್ತು ಆ ಫುಟ್‌ಪಾತಿನಲ್ಲಿ ರಿಚ್ ಆಗಿದ್ದದ್ದು ಅದೊಂದೇ.

ಒಂದು ವಾರದ ನಂತರ ಕ್ಯಾಮೆರಾ ವಾಪಸು ಬಂತು. ಅಜ್ಜಿ ಚೆನ್ನಾಗಿಯೇ ತೆಗೆದಿದ್ದಳು. ಬೀಗ ಹಾಕಿದ ಶೌಚಾಲಯದ ಬಾಗಿಲು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಹೀಗೆ ಮೂರು ಹೊತ್ತು ಬಂದಿತ್ತು. ಮಳೆಗೆ ಕಪ್ಪಾದ ಸೇವಂತಿಗೆಯ ರಾಶಿ. ಇಡೀ ದಿನ ನೀರು ಕುಡಿಯದೆ ಕೂತ ಪಕ್ಕದ ಸೊಪ್ಪಿನವಳು. ಯಾಕೆ ಕುಡಿಯುವುದಿಲ್ಲ ಎಂದು ತಿಳಿಯಲು ಶೌಚಾಲಯದ ಫೋಟೊದ ಪಕ್ಕ ಇದನ್ನಿಟ್ಟು ನೋಡಬೇಕು, ಅಜ್ಜಿ ಹಾಗೆಯೇ ಜೋಡಿಸಿ ಕೊಟ್ಟಿದ್ದಳು. ಪುಟ್ಟಿಯ ಮೇಲೆ ಬಾಗಿ ಮಾಮೂಲು ಎತ್ತಿಕೊಳ್ಳುತ್ತಿರುವ ಒಂದು ಕೈ. ಮುಖವಿಲ್ಲ, ಖಾಕಿ ತೋಳಿದೆ. ಕೊನೆಯದೊಂದರಲ್ಲಿ ಎದುರಿನ ಹೋಟೆಲಿನಲ್ಲಿ ಬೈಟು ಕಾಫಿ ಕುಡಿಯುತ್ತ, ಚಾರ್ಟಿನ ಸುರುಳಿ ಕಂಕುಳಲ್ಲಿಟ್ಟುಕೊಂಡು ನಿಂತ ಸಂಶೋಧನಾ ತಂಡ. ಮುಖ್ಯ ಅನ್ನಿಸಿದ್ದನ್ನು ತೆಗೆ ಎಂದಿದ್ದರಲ್ಲ, ತೆಗೆದಿದ್ದಳು.

ಆಯ್ಕೆ ಸಮಿತಿ ಕೂತಿತು. ಶೌಚಾಲಯದ ಬಾಗಿಲಿಗೆ ‘ದೃಶ್ಯ ಗುಣಮಟ್ಟ’ ಇರಲಿಲ್ಲ. ಸೊಪ್ಪಿನವಳ ಒಪ್ಪಿಗೆ ಪತ್ರ ಕಳೆದುಹೋಗಿತ್ತು. ಖಾಕಿ ತೋಳು ನೈತಿಕತೆಯ ಪ್ರಶ್ನೆಗಳನ್ನು ಎಬ್ಬಿಸುತ್ತಿತ್ತು. ತೋಳಿನವನ ನೈತಿಕತೆಯಲ್ಲ, ಫೋಟೊದ್ದು. ಕಾಫಿಯ ಫೋಟೊ ಸಂಶೋಧನೆಯ ವ್ಯಾಪ್ತಿಯಾಚೆಗಿನದು. ಕೊನೆಗೆ ಸಭಾಂಗಣದ ಗೋಡೆಗೆ ದೊಡ್ಡದಾಗಿ ಏರಿದ್ದು ಸುಕ್ಕುಗಟ್ಟಿದ ಬೆರಳುಗಳ ನಡುವೆ ಅರೆಬಿರಿದ ಮಲ್ಲಿಗೆಯ ಕಪ್ಪುಬಿಳುಪು ಚಿತ್ರ. ಅದನ್ನು ತೆಗೆದವನು ಬಾಡಿಗೆಗೆ ಬಂದ ಫೋಟೊಗ್ರಾಫರ್. ಕೆಳಗಿನ ಚೀಟಿಯಲ್ಲಿ ‘ಸಮುದಾಯದ ಕಣ್ಣಿನಿಂದ’ ಎಂದಿತ್ತು. ಉದ್ಘಾಟನೆಗೆ ಬಂದ ಗಣ್ಯರಿಗೆ ಹಾಕಿದ ಹಾರ ಮಾತ್ರ ಅಜ್ಜಿಯಿಂದಲೇ ಕೊಂಡದ್ದು, ಚೌಕಾಸಿ ಮಾಡಿ. ಇಡೀ ಯೋಜನೆಯಲ್ಲಿ ಅವಳ ಕೈಗೆ ಬಂದ ನಗದು ಅಷ್ಟೇ.

ಕ್ಯಾಮೆರಾ ಕೊಡುವ ಈ ವಿಧಾನಕ್ಕೆ ಫೋಟೊವಾಯ್ಸ್ ಎನ್ನುತ್ತಾರೆ. ಕ್ಯಾರೊಲಿನ್ ವಾಂಗ್ ಮತ್ತು ಮೇರಿ ಆನ್ ಬರ‍್ರಿಸ್ ಎಂಬಿಬ್ಬರು 1990ರ ದಶಕದ ಮೊದಲಲ್ಲಿ ಚೀನಾದ ಯುನಾನ್ ಪ್ರಾಂತ್ಯದಲ್ಲಿ ಹಳ್ಳಿ ಹೆಂಗಸರ ಕೈಗೆ ಕ್ಯಾಮೆರಾ ಕೊಟ್ಟು ಇದನ್ನು ಕಟ್ಟಿದರು. ಅವರು ಹೇಳಿದ ಉದ್ದೇಶ ಮೂರು. ಜನ ತಮ್ಮ ಶಕ್ತಿಯನ್ನೂ ಸಂಕಟವನ್ನೂ ದಾಖಲಿಸುವುದು, ಆ ಚಿತ್ರಗಳನ್ನು ಮುಂದಿಟ್ಟುಕೊಂಡು ತಮ್ಮೊಳಗೆ ಚರ್ಚೆ ಮಾಡುವುದು, ನೀತಿ ರೂಪಿಸುವವರನ್ನು ತಲುಪುವುದು. ನಮ್ಮಲ್ಲಿ ಮೊದಲನೆಯದಕ್ಕೆ ಅನುದಾನ ಸಿಗುತ್ತದೆ. ಎರಡನೆಯದು ಊಟದ ವಿರಾಮದಲ್ಲಿ ಮುಗಿಯುತ್ತದೆ. ಮೂರನೆಯದಕ್ಕೆ ಬರುವ ಹೊತ್ತಿಗೆ ಸೆಮಿಸ್ಟರ್ ಮುಗಿದಿರುತ್ತದೆ.

ನೀತಿ ರೂಪಿಸುವವರು ಅಷ್ಟೊತ್ತಿಗೆ ಎಲ್ಲಿದ್ದರು? ಅವರದೇ ದೃಶ್ಯ ವಿಧಾನದಲ್ಲಿ ಮಗ್ನರಾಗಿದ್ದರು. ಗಾಂಧಿ ಬಜಾರ್ ಮುಖ್ಯರಸ್ತೆಯನ್ನು ಪಾದಚಾರಿಗಳಿಗೆ ಅನುಕೂಲವಾಗುವಂತೆ ಮಾಡುತ್ತೇವೆಂದು ನಗರ ಭೂ ಸಾರಿಗೆ ನಿರ್ದೇಶನಾಲಯದ ಯೋಜನೆಯೊಂದು ಬಂದದ್ದು, 2022-23ರಲ್ಲಿ ರಸ್ತೆ ಅಗೆದದ್ದು, ಅಂಗಡಿಯವರು ವಿರೋಧಿಸಿದ್ದು, ಮರಗಳ ಬಗ್ಗೆ ತಕರಾರು ಎದ್ದದ್ದು ಎಲ್ಲರಿಗೂ ನೆನಪಿದೆ. ಪಾದಚಾರಿಗೆ ಜಾಗ ಕೊಡುವುದು ಒಳ್ಳೆಯದೇ, ಅದಕ್ಕೆ ನನ್ನ ಮತವೂ ಇದೆ. ಆದರೆ ಇಂಥ ಯಾವುದೇ ಯೋಜನೆಯ ಕಂಪ್ಯೂಟರ್ ಚಿತ್ರವನ್ನು ಒಮ್ಮೆ ಗಮನಿಸಿ ನೋಡಿ. ಕಲ್ಲು ಹಾಸಿದ ಅಗಲ ರಸ್ತೆ, ಎಲೆಯುದುರದ ಮರ, ಬೆಂಚು, ಬಲೂನು ಹಿಡಿದ ಮಗು, ಎಲ್ಲಿಗೂ ಅವಸರವಿಲ್ಲದ ಜೋಡಿ. ಮಳೆಯಿಲ್ಲ, ಟಾರ್ಪಾಲಿಲ್ಲ, ಪುಟ್ಟಿಯಿಲ್ಲ. ಅಜ್ಜಿಯ ನಕ್ಷೆಯಲ್ಲಿ ಎಂಜಿನಿಯರ್ ಇದ್ದಾನೆ, ದೂರದಲ್ಲಾದರೂ ಒಂದು ದೊಡ್ಡ ಚಪಾತಿಯಾಗಿ. ಎಂಜಿನಿಯರನ ನಕ್ಷೆಯಲ್ಲಿ ಅಜ್ಜಿ ಇಲ್ಲ. ಗೋಡೆಗೆ ತೂಗುಹಾಕುವುದು ಅಜ್ಜಿಯ ನಕ್ಷೆಯನ್ನು, ಟೆಂಡರ್ ಕರೆಯುವುದು ಎಂಜಿನಿಯರನ ನಕ್ಷೆಗೆ.

ಅಜ್ಜಿ ನಕ್ಷೆಗೆ ಸೇರಬೇಕೆಂದು ಕಾನೂನೇ ಹೇಳುತ್ತದೆ ಎಂಬುದು ಇನ್ನೊಂದು ತಮಾಷೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿ ಇರಬೇಕು. ಅದರಲ್ಲಿ ಕನಿಷ್ಠ ಶೇಕಡ 40ರಷ್ಟು ಮಂದಿ ವ್ಯಾಪಾರಿಗಳೇ ಆರಿಸಿದ ವ್ಯಾಪಾರಿಗಳಾಗಿರಬೇಕು. ಅವರಲ್ಲಿ ಮೂರನೇ ಒಂದು ಪಾಲು ಹೆಂಗಸರು. ಐದು ವರ್ಷಕ್ಕೊಮ್ಮೆ ಸಮೀಕ್ಷೆ. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವ ತನಕ ಯಾರನ್ನೂ ಎಬ್ಬಿಸುವಂತಿಲ್ಲ. ಪಾರ್ಲಿಮೆಂಟೇ ಪಾಸು ಮಾಡಿದ ಸಹಭಾಗಿತ್ವ ಇದು. ಹುಣಸೆ ಬೀಜ ಬೇಡ, ಸ್ಕೆಚ್ ಪೆನ್ನು ಬೇಡ. ಹೂವಿನಜ್ಜಿಗೆ ಕ್ಯಾಮೆರಾ ಹಿಡಿಯುವುದನ್ನು ಕಲಿಸಿದ ಹಾಗೆ ಈ ಕಾಯ್ದೆಯ ಕಲಮುಗಳನ್ನು ಕನ್ನಡದಲ್ಲಿ ಓದಿ ಹೇಳುವ ಕಾರ್ಯಾಗಾರ ಯಾಕೆ ವಿರಳ ಎಂದು ಕೇಳಿದರೆ, ಅದು ಸಂಶೋಧನೆಯಲ್ಲ, ಹೋರಾಟ ಎನ್ನುತ್ತಾರೆ. ಹೋರಾಟಕ್ಕೆ ಕ್ರೆಡಿಟ್ ಇಲ್ಲ.

ಮಲ್ಲೇಶ್ವರಕ್ಕೆ ಬನ್ನಿ. 1898ರ ಪ್ಲೇಗು ಪೇಟೆಯನ್ನು ಬಡಿದ ಮೇಲೆ ಜನ ಗಾಳಿ ಬೆಳಕು ಹುಡುಕಿಕೊಂಡು ಬಂದು ನೆಲೆಸಿದ ಬಡಾವಣೆಗಳು ಮಲ್ಲೇಶ್ವರ ಮತ್ತು ಬಸವನಗುಡಿ. ಗೆರೆ ಎಳೆದಂತೆ ಅಡ್ಡರಸ್ತೆಗಳು, ಮನೆಗಳ ಹಿಂದೆ ಕಿರಿದಾದ ಕನ್ಸರ್ವೆನ್ಸಿ ಗಲ್ಲಿಗಳು. ಆ ಗಲ್ಲಿಗಳಿದ್ದದ್ದು ಮಲ ಹೊರುವವರು ಹಿಂಬಾಗಿಲಿಂದ ಬಂದು, ಯಾರ ಕಣ್ಣಿಗೂ ಬೀಳದೆ ಹೊತ್ತು ಹೋಗಲಿ ಎಂದು. ಒಬ್ಬ ಮನುಷ್ಯ ಕಾಣಬಾರದು ಎಂದೇ ಎಳೆದ ಗೆರೆ ಅದು. ಈಗ ಅಂಥ ಗಲ್ಲಿಗಳಲ್ಲಿ ಕೆಲವಕ್ಕೆ ಬಣ್ಣದ ಭಾಗ್ಯ ಬಂದಿದೆ. ಭಾನುವಾರ ಸ್ವಯಂಸೇವಕರು ಬಂದು ಕಸ ಎತ್ತಿ, ಗೋಡೆ ತುಂಬ ಹಕ್ಕಿ, ಹೂವು, ಯಕ್ಷಗಾನದ ಕಿರೀಟ ಬರೆಯುತ್ತಾರೆ. ನಡೆಯಲು ಹಿತವಾಗಿದೆ, ಸುಳ್ಳು ಹೇಳಬಾರದು. ಆ ಗಲ್ಲಿ ಯಾಕಿತ್ತು, ಅದರಲ್ಲಿ ನಡೆದವರು ಯಾರು, ಅವರ ಮೊಮ್ಮಕ್ಕಳು ಈಗ ಯಾರ ಮನೆ ಮುಂದೆ ಪೊರಕೆ ಹಿಡಿದಿದ್ದಾರೆ ಎಂಬುದರ ಚಿತ್ರ ಮಾತ್ರ ನನ್ನ ಕಣ್ಣಿಗೆ ಬಿದ್ದಿಲ್ಲ.

ಅಮೆರಿಕದ ಶೆರ‍್ರಿ ಅರ್ನ್‌ಸ್ಟೈನ್ 1969ರಲ್ಲಿ ನಾಗರಿಕ ಸಹಭಾಗಿತ್ವಕ್ಕೆ ಎಂಟು ಮೆಟ್ಟಿಲಿನ ಏಣಿಯೊಂದನ್ನು ಬರೆದಿಟ್ಟರು. ಕೆಳಗಿನ ಎರಡು ಮೆಟ್ಟಿಲು ಜನರನ್ನು ಯಾಮಾರಿಸುವುದು ಮತ್ತು ಅವರಿಗೇ ‘ಚಿಕಿತ್ಸೆ’ ಕೊಡುವುದು, ನಡುವಿನವು ತಿಳಿಸುವುದು, ಅಭಿಪ್ರಾಯ ಕೇಳುವುದು ಇತ್ಯಾದಿ ತೋರಿಕೆ, ತುದಿಯದು ಜನರ ಹಿಡಿತ. ಮಲ್ಲೇಶ್ವರದಲ್ಲಿ ಏಣಿಗೆ ಕೊರತೆಯಿಲ್ಲ, ಬಣ್ಣ ಬಳಿಯುವವರು ಗೋಡೆಗೆ ಒರಗಿಸಿಯೇ ಇಟ್ಟಿರುತ್ತಾರೆ.

ಅಲ್ಲಿಂದ ಸ್ಯಾಂಕಿ ಕೆರೆ ಹತ್ತಿರ. ಸಹಭಾಗಿ ಸಂಶೋಧನೆಯಲ್ಲಿ ಅಡ್ಡನಡಿಗೆ ಎಂಬ ವಿಧಾನವಿದೆ. ಜನರ ಜೊತೆ ಅವರ ಪ್ರದೇಶದಲ್ಲಿ ಈ ತುದಿಯಿಂದ ಆ ತುದಿಗೆ ನಡೆಯುತ್ತ, ಮರ, ಮೋರಿ, ಕೆರೆ ನೋಡುತ್ತ ಗುರುತು ಮಾಡಿಕೊಳ್ಳುವುದು. 2023ರ ಫೆಬ್ರವರಿಯಲ್ಲಿ ಕೆರೆಯ ಪಕ್ಕ ಮೇಲ್ಸೇತುವೆ ಬೇಡ, ಮರ ಕಡಿಯಬೇಡಿ ಎಂದು ಆ ಭಾಗದ ನಿವಾಸಿಗಳು ಬಾಯಿ ಬಿಡದೆ ನಡೆದರು. ಮರ ನೋಡಿದರು, ಕೆರೆ ನೋಡಿದರು, ಕೈಯಲ್ಲಿ ಚಿತ್ರ ಬರೆದ ಫಲಕ ಹಿಡಿದಿದ್ದರು. ಸಹಭಾಗಿತ್ವವೂ ಇತ್ತು, ದೃಶ್ಯವೂ ಇತ್ತು. ಪರೀಕ್ಷಕರಿದ್ದಿದ್ದರೆ ಡಿಸ್ಟಿಂಕ್ಷನ್ ಕೊಡುತ್ತಿದ್ದರು. ಪೊಲೀಸರಿದ್ದರು, ಕೇಸು ಹಾಕಿದರು. ಅದೇ ನಡಿಗೆಯನ್ನು ವಿದೇಶಿ ಅನುದಾನದ ಟೋಪಿ ಹಾಕಿಕೊಂಡು ನಡೆದರೆ ಮೆಥಡಾಲಜಿ, ತಾವಾಗಿಯೇ ನಡೆದರೆ ಕಾನೂನುಬಾಹಿರ ಕೂಟ. ಬೆಂಗಳೂರಿನಲ್ಲಿ ಪ್ರತಿಭಟನೆಗೆ ಸರ್ಕಾರ ಗೊತ್ತು ಮಾಡಿರುವ ಜಾಗ ಫ್ರೀಡಂ ಪಾರ್ಕ್. ಅದು ಹಿಂದೆ ಸೆಂಟ್ರಲ್ ಜೈಲಾಗಿತ್ತು. ವ್ಯಂಗ್ಯ ಬರೆಯುವವನಿಗೆ ಈ ಊರಿನಲ್ಲಿ ಹೆಚ್ಚು ಕೆಲಸವೇ ಉಳಿದಿಲ್ಲ.

ಚಾಮರಾಜಪೇಟೆ ಬಸವನಗುಡಿ, ಮಲ್ಲೇಶ್ವರ ಎರಡಕ್ಕಿಂತಲೂ ಹಳೆಯದು, 1892ರದು. ಸಾಹಿತ್ಯ ಪರಿಷತ್ತೂ ಅಲ್ಲಿದೆ, ಆರ್. ಕಲ್ಯಾಣಮ್ಮನವರು 1938ರಲ್ಲಿ ಕಟ್ಟಿದ ಮಕ್ಕಳ ಕೂಟವೂ ಅಲ್ಲಿದೆ. ಮಕ್ಕಳ ಕೈಗೆ ಬಣ್ಣ, ನಾಟಕ, ಪುಸ್ತಕ ಕೊಟ್ಟು ಅವರ ಪಾಡಿಗೆ ಬಿಟ್ಟರೆ ಏನಾಗುತ್ತದೆಂದು ನೋಡಿದ ಕಲ್ಯಾಣಮ್ಮನವರು ಅದಕ್ಕೆ ಯಾವ ವಿಧಾನದ ಹೆಸರನ್ನೂ ಇಟ್ಟಿರಲಿಲ್ಲ.

ಈ ಮೂರೂ ಕಡೆ ಬೆಳಿಗ್ಗೆ ರಸ್ತೆ ಗುಡಿಸುವ ಪೌರಕಾರ್ಮಿಕರೆಂದರೆ ದೃಶ್ಯ ಸಂಶೋಧಕರಿಗೆ ಹಬ್ಬ. ಹಸಿರು ಕೋಟು, ಮಂಜು, ಪೊರಕೆಯಿಂದೆದ್ದ ಧೂಳಿನ ಮೇಲೆ ಓರೆ ಬಿಸಿಲು. ಈ ಜನ ತಮ್ಮ ಕಷ್ಟದ ಚಿತ್ರವನ್ನು ತಾವೇ ತೋರಿಸಿದ್ದು ಒಮ್ಮೆ ಮಾತ್ರ ಸರಿಯಾಗಿ ಕಂಡಿತು. 2022ರ ಜುಲೈನಲ್ಲಿ ಕಾಯಂ ಮಾಡಿ ಎಂದು ರಾಜ್ಯದಾದ್ಯಂತ ಅವರು ಕೆಲಸ ನಿಲ್ಲಿಸಿ ಕೂತರು. ರಸ್ತೆಯಲ್ಲಿ ಕಸ ಹಾಗೇ ಉಳಿಯಿತು. ಚಾರ್ಟ್ ಪೇಪರ್ ಬೇಕಾಗಲಿಲ್ಲ, ಚೀಟಿ ಅಂಟಿಸಬೇಕಾಗಲಿಲ್ಲ, ಮೂಗಿದ್ದವರಿಗೆಲ್ಲ ಅರ್ಥವಾಯಿತು. ಕೆಲವೇ ದಿನಗಳಲ್ಲಿ ಸರ್ಕಾರ ಮಾತುಕತೆಗೆ ಬಂದು ಹಂತಹಂತವಾಗಿ ಕಾಯಂ ಮಾಡುವ ಭರವಸೆ ಕೊಟ್ಟಿತು. ಸಹಭಾಗಿ ದೃಶ್ಯ ವಿಧಾನವು ನೀತಿ ರೂಪಿಸುವವರನ್ನು ಇಷ್ಟು ಬೇಗ ತಲುಪಿದ ಇನ್ನೊಂದು ಉದಾಹರಣೆ ನನಗೆ ಗೊತ್ತಿಲ್ಲ. ಇದರ ಮೇಲೆ ಪಿಎಚ್‌ಡಿ ಮಾಡುವವರಿಗೆ ವಿಷಯ ಪುಕ್ಕಟೆ.

ಸರ್ಕಾರಕ್ಕೂ ಚಿತ್ರದ ಮೇಲೆ ಪ್ರೀತಿಯಿಲ್ಲವೆಂದಲ್ಲ. ಉದ್ಯೋಗ ಖಾತ್ರಿಯ ಕೂಲಿಗಳ ಫೋಟೊವನ್ನು ದಿನಕ್ಕೆ ಎರಡು ಸಲ ತೆಗೆದು ಆ್ಯಪಿಗೆ ಏರಿಸಬೇಕೆಂದು 2023ರ ಜನವರಿಯಿಂದ ಕಡ್ಡಾಯವಾಯಿತು. ಸಿಗ್ನಲ್ ಸಿಗದ ಗುಡ್ಡದ ಮೇಲೆ ಮೊಬೈಲ್ ಎತ್ತಿ ಹಿಡಿದು ನಿಂತದ್ದಕ್ಕೆ ಕೂಲಿಯಿಲ್ಲ. 2025ರ ಜುಲೈನಲ್ಲಿ ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ಸುತ್ತೋಲೆ ಹೊರಡಿಸಿ, ಕೆಲಸಕ್ಕೆ ಸಂಬಂಧವಿಲ್ಲದ ಫೋಟೊಗಳೂ, ಫೋಟೊದ ಫೋಟೊಗಳೂ ಬರುತ್ತಿವೆ ಎಂದು ಒಪ್ಪಿಕೊಂಡಿತು. ಸಂಶೋಧಕನ ಕ್ಯಾಮೆರಾ ಬಡವರ ಕೈಗೆ ಬಂದು ವಾಪಸು ಹೋಗುತ್ತದೆ, ಸರ್ಕಾರದ ಕ್ಯಾಮೆರಾ ಅವರ ಮುಖದ ಮುಂದೆಯೇ ಇರುತ್ತದೆ. ವಿಧಾನಗಳ ಸಂಯೋಜನೆ ಎಂದರೆ ಬಹುಶಃ ಇದೇ.

ಅಜ್ಜಿಗೆ ಕ್ಯಾಮೆರಾ ಕೊಟ್ಟ ಆ ವಿದ್ಯಾರ್ಥಿನಿಯನ್ನು ಬೈಯಬೇಡಿ. ಅವಳು ವಾರಕ್ಕೆರಡು ದಿನ ಕ್ಷೇತ್ರಕಾರ್ಯಕ್ಕೆ ತನ್ನದೇ ಬಸ್ ಚಾರ್ಜು ಹಾಕಿಕೊಂಡು ಬಂದವಳು. ಪಾಪ, ಅಜ್ಜಿಯ ಶೌಚಾಲಯದ ಫೋಟೊವನ್ನು ತಾನೇ ಪ್ರಿಂಟು ಹಾಕಿಸಿ ಕಾರ್ಪೊರೇಷನ್ ಕಚೇರಿಗೂ ಹೋಗಿದ್ದಳು. ವಾರ್ಡಿನ ಸದಸ್ಯರನ್ನು ನೋಡಿ ಎಂದರು. ಸದಸ್ಯರೇ ಇಲ್ಲವಲ್ಲ ಎಂದಳು. ಹಾಗಾದರೆ ಆ್ಯಪಿನಲ್ಲಿ ಹಾಕಿ ಎಂದರು. ಅವಳ ಪ್ರಬಂಧದಲ್ಲಿ ಈ ಪ್ರಸಂಗ ಬರಲಿಲ್ಲ. ‘ಮಿತಿಗಳು’ ಎಂಬ ತಲೆಬರಹದಡಿ ಒಂದು ಸಾಲು ಉಳಿಯಿತು. ನಮ್ಮ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರು ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ 1948ರಲ್ಲಿ ಇದ್ದು ಮಾಡಿಕೊಂಡ ಟಿಪ್ಪಣಿಗಳ ಸಂಸ್ಕರಿಸಿದ ಪ್ರತಿಗಳು 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಬೆಂಕಿಗೆ ಆಹುತಿಯಾದಾಗ, ಅವರು ನೆನಪಿನಿಂದಲೇ ಆ ಊರಿನ ಪುಸ್ತಕ ಬರೆದರು. ಅಷ್ಟು ಹೊತ್ತು ಅಲ್ಲಿ ಕೂತಿದ್ದರು, ಅದಕ್ಕೇ ನೆನಪಿತ್ತು. ಈಗಿನ ಫೋಟೊಗಳೆಲ್ಲ ಕ್ಲೌಡಿನಲ್ಲಿ ಭದ್ರವಾಗಿವೆ. ಅಜ್ಜಿಯ ಮಗಳ ಹೆಸರು ಕೇಳಿದರೆ ಫೈಲ್ ಹುಡುಕಬೇಕು.

ಇದೇ ವಿಧಾನ ಕರ್ನಾಟಕದಲ್ಲಿ ಫಲ ಕೊಟ್ಟ ಕಡೆ ಏನಿತ್ತು ಎಂದು ನೋಡಿದರೆ ಗುಟ್ಟು ತಿಳಿಯುತ್ತದೆ. ದುಡಿಯುವ ಮಕ್ಕಳ ಭೀಮ ಸಂಘ ಹುಟ್ಟಿದ್ದು ಬೆಂಗಳೂರಿನಲ್ಲಿ. ಆ ಅನುಭವದಿಂದ ಕುಂದಾಪುರದ ಕಡೆ ಮಕ್ಕಳ ಪಂಚಾಯಿತಿಗಳು ಬಂದವು. ಮಕ್ಕಳು ತಮ್ಮೂರಿನ ತೊಂದರೆಗಳನ್ನು ತಾವೇ ಹುಡುಕಿ, ಪಟ್ಟಿ ಮಾಡಿ, ನಕ್ಷೆ ಹಾಕಿದರು. ಆ ನಕ್ಷೆಯನ್ನು ಇಡಲು ಎದುರಿಗೆ ಒಂದು ಮೇಜಿತ್ತು. ಮೇಜಿನಾಚೆ ಆಯ್ಕೆಯಾದ ಗ್ರಾಮ ಪಂಚಾಯಿತಿ ಸದಸ್ಯನಿದ್ದ, ಅವನಿಗೆ ಮುಂದಿನ ಚುನಾವಣೆಯ ಭಯವಿತ್ತು. ಬಸವನಗುಡಿಯಲ್ಲಿ ನಕ್ಷೆ ಹಾಕುವವರಿದ್ದಾರೆ, ಮೇಜಿಲ್ಲ. ಜನರೇ ಸರ್ಕಾರಿ ಸಂಸ್ಥೆಗಳಿಗೆ ಅಂಕ ಕೊಡುವ ವರದಿ ಕಾರ್ಡಿನ ಪ್ರಯೋಗವನ್ನು 1990ರ ದಶಕದಲ್ಲಿ ಸ್ಯಾಮ್ಯುಯೆಲ್ ಪಾಲ್ ಅವರು ಶುರು ಮಾಡಿದ್ದು ಈ ನಗರದಲ್ಲೇ. ಅದನ್ನು ಜಗತ್ತಿನ ಎಷ್ಟೋ ಕಡೆ ಅನುಸರಿಸಿದರು. ಅಂಕ ಕೊಡುವುದರಲ್ಲಿ, ಚಿತ್ರ ಬರೆಯುವುದರಲ್ಲಿ, ನಡೆಯುವುದರಲ್ಲಿ ನಾವು ಯಾರಿಗೂ ಕಡಿಮೆಯಿಲ್ಲ.

ಸಹಭಾಗಿತ್ವವನ್ನೂ ದೃಶ್ಯವನ್ನೂ ಒಂದೇ ಏಟಿಗೆ ಕೂಡಿಸುವ ಹಳೆಯ ವಿಧಾನವೊಂದು ನಮ್ಮಲ್ಲಿದೆ. ಅದಕ್ಕೆ ಬೇಕಾದ ಸಾಮಗ್ರಿಯನ್ನು ಮೈಸೂರಿನಲ್ಲಿ 1937ರಲ್ಲಿ ಸ್ಥಾಪನೆಯಾದ ಬಣ್ಣದ ಕಾರ್ಖಾನೆ ತಯಾರಿಸಿ, 1962ರಿಂದ ದೇಶಕ್ಕೆಲ್ಲ ಕಳಿಸುತ್ತಿದೆ. ಎಡಗೈ ತೋರುಬೆರಳಿಗೆ ಒಂದು ಗೆರೆ. ಓದು ಬರಹ ಬೇಡ, ಒಪ್ಪಿಗೆ ಪತ್ರ ಬೇಡ, ಅಜ್ಜಿಗೂ ಪ್ರೊಫೆಸರಿಗೂ ಅಷ್ಟೇ ಉದ್ದದ ಗೆರೆ. ಬೆಂಗಳೂರಿನ ವಾರ್ಡುಗಳಿಗಾಗಿ ಆ ಗೆರೆಯನ್ನು ಊರಿಡೀ ಕೊನೆಯ ಸಲ ಹಾಕಿದ್ದು 2015ರ ಆಗಸ್ಟ್ 22ರಂದು. ಆಗ ಆಯ್ಕೆಯಾದ 198 ವಾರ್ಡುಗಳ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. 2025ರ ಸೆಪ್ಟೆಂಬರಿನಲ್ಲಿ ಒಂದು ಪಾಲಿಕೆ ಐದಾಯಿತು. ಆ ವರ್ಷ ಕಳೆಯುವವರೆಗೂ ಐದರಲ್ಲಿ ಒಂದಕ್ಕೂ ಚುನಾವಣೆ ನಡೆಯಲಿಲ್ಲ.